ಎರಡನೇ ಸೀನು

ಒಂಟಿ ಸೀನು ಸೀನಿದರೆ ಹೊರಟ ಕೆಲಸ ಕೆಡುತ್ತದೆ, ಜೋಡಿ ಸೀನು ಸೀನಿದರೆ ಕೈಗೂಡುತ್ತದೆ ಎಂಬ ಶಾಸ್ತ್ರವನ್ನು ಮಾಡಿದ ಪುಣ್ಯಾತ್ಮ ಯಾರೋ ತಿಳಿಯದು. ಆತ ಬೈರಾಪಟ್ಟಣದ ರಾಗಿ ಮಿಲ್ಲಿನ ನರಸಯ್ಯನ ಮೂಗನ್ನು ನೋಡಿರಲಿಲ್ಲ ಎಂಬುದಂತೂ ಖಂಡಿತ. ನೋಡಿದ್ದರೆ ಏಳು ಸೀನಿಗೆ ಏನು ಫಲ, ಹತ್ತೊಂಬತ್ತಕ್ಕೆ ಏನು ಪರಿಹಾರ ಎಂದು ಇನ್ನೆರಡು ಅಧ್ಯಾಯ ಬರೆದಿಟ್ಟೇ ಕಣ್ಣು ಮುಚ್ಚುತ್ತಿದ್ದ.

ನರಸಯ್ಯನ ಮೂಗು ಕೋಳಿಗಿಂತ ಮೊದಲು ಏಳುತ್ತಿತ್ತು. ಹಾಸಿಗೆಯಲ್ಲಿ ಆರು, ಹಲ್ಲುಜ್ಜುವಾಗ ನಾಲ್ಕು; ಮಿಲ್ಲಿನ ಬಾಗಿಲು ತೆಗೆದ ಮೇಲಿನದಕ್ಕೆ ಎಣಿಕೆಯಿಲ್ಲ. ಮೆಣಸಿನಕಾಯಿ ಎಷ್ಟು ಬೀಸಿದರೂ ಆ ಮೂಗಿಗೆ ಏನೂ ಆಗುತ್ತಿರಲಿಲ್ಲ. ಅದಕ್ಕೆ ಆಗದಿದ್ದದ್ದು ಧೂಳು, ಅದರಲ್ಲೂ ರಾಗಿ ಹಿಟ್ಟಿನ ಧೂಳು. ರಾಗಿ ಬೀಸಿಯೇ ಬದುಕುವವನಿಗೆ ರಾಗಿ ಧೂಳು ಆಗದೆಂದರೆ ಮೀನಿಗೆ ನೀರಿನಿಂದ ನೆಗಡಿಯಾದ ಹಾಗೆ. ಅದು ಸಾಲದೆಂದು ಮೈಸೂರು ರಸ್ತೆಯನ್ನು ಅಗಲ ಮಾಡುವವರು ಎರಡು ವರ್ಷದಿಂದ ಎಬ್ಬಿಸಿದ ಮಣ್ಣೆಲ್ಲ ಗಾಳಿಯಲ್ಲೇ ನಿಂತಿತ್ತು.

ಇದರಿಂದ ಊರಿನ ಸಂಚಾರ ವ್ಯವಸ್ಥೆಯೇ ಬದಲಾಗಿತ್ತು. ಕೋರ್ಟಿಗೆ ಹೋಗುವವರು, ಎಮ್ಮೆ ಕೊಳ್ಳಲು ಹೋಗುವವರು, ಮಗನನ್ನು ಪರೀಕ್ಷೆಗೆ ಕರೆದೊಯ್ಯುವವರು ಮಿಲ್ಲಿನ ಮುಂದಿನ ಟಾರು ರಸ್ತೆ ಬಿಟ್ಟು ಹಿಂದಿನ ತಿಪ್ಪೆಯ ದಾರಿಯಲ್ಲಿ ನಡೆಯುತ್ತಿದ್ದರು. ಕಾಲಿಗೆ ಸಗಣಿಯಾದರೆ ತೊಳೆಯಬಹುದು, ಒಂಟಿ ಸೀನು ಬಿದ್ದರೆ ತೊಳೆಯುವುದು ಹೇಗೆ?

ಊರು ಹೇಗಾದರೂ ಹಾಳಾಗಲಿ, ನರಸಯ್ಯನಿಗೆ ಚಿಂತೆಯಾದದ್ದು ಮಗಳು ರಮ್ಯಾಳದು. ಬಿ.ಕಾಂ. ಮುಗಿಸಿ ಬಿಡದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂತು ಕಂಪ್ಯೂಟರು ಒತ್ತುವ ಹುಡುಗಿ. ರೂಪಕ್ಕೆ ಕೊರತೆಯಿಲ್ಲ, ಗುಣಕ್ಕೆ ಕೊರತೆಯಿಲ್ಲ. ಅವಳಿಗಿದ್ದ ಒಂದೇ ದೋಷವೆಂದರೆ ಅಪ್ಪನ ಮೂಗು.

ಮೊದಲ ಸಂಬಂಧ ಮಾಗಡಿಯ ಕಡೆಯದು. ಗಂಡಿನವರು ವ್ಯಾನಿನಿಂದಿಳಿದು ಹೊಸಿಲ ಮೇಲೆ ಒಂದು ಕಾಲಿಟ್ಟಿದ್ದರು. ನರಸಯ್ಯ ಕೈಮುಗಿದು "ಬನ್ನಿ" ಎನ್ನಲು ಬಾಯಿ ತೆರೆದ, ಬಂದದ್ದು ಬೇರೆ. ಇಟ್ಟ ಕಾಲನ್ನು ಅಲ್ಲಿಂದಲೇ ತೆಗೆದು, ಕಾಲಿಗೆ ಕೊಟ್ಟ ನೀರನ್ನೂ ಮುಟ್ಟದೆ ವ್ಯಾನು ಹತ್ತಿದರು.

ಎರಡನೆಯದು ವಿರೂಪಾಕ್ಷಿಪುರದ್ದು. ಆ ಸಲ ನರಸಯ್ಯ ಊರಿನ ಚಿಲ್ಲರೆ ಅಂಗಡಿಯವನು ಕೊಟ್ಟ ನೆಗಡಿಯ ಹಳದಿ ಮಾತ್ರೆಯನ್ನು ಎರಡು ನುಂಗಿಕೊಂಡು ಕೂತಿದ್ದ. ಸೀನು ನಿಂತಿತು. ಸೀನಿನ ಜೊತೆಗೆ ನರಸಯ್ಯನೂ ನಿಂತುಹೋದ. ಗಂಡಿನ ಸೋದರಮಾವ "ಜಮೀನು ಎಷ್ಟೈತೆ?" ಎಂದು ಕೇಳುವಾಗ ನರಸಯ್ಯನ ತಲೆ ಆತನ ಹೆಗಲ ಮೇಲಿತ್ತು. "ಮಿಲ್ಲಿನ ಬೆಲ್ಟು ಜಾರ್ತಾ ಐತೆ, ಬಿಗಿಯಾಗಿ ಹಿಡ್ಕೊಳ್ಲಾ" ಎಂಬ ಉತ್ತರ ಬಂತು. ಕೆಂಪು ಕಣ್ಣು, ತೊದಲು ಮಾತು, ಬೆಳಗಿನ ಹತ್ತು ಗಂಟೆ. ಬೀಗರಾಗಬೇಕಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಅಂದು ಸಂಜೆಯೊಳಗೆ ನರಸಯ್ಯ ಹಲ್ಲುಜ್ಜುವ ಮೊದಲೇ ಕುಡಿಯುತ್ತಾನೆಂಬ ಸುದ್ದಿ ಚನ್ನಪಟ್ಟಣದ ಬಸ್‌ಸ್ಟ್ಯಾಂಡು ಮುಟ್ಟಿತ್ತು.

ಮೂರನೆಯದು ಕನಕಪುರದ ಸಂಬಂಧ. ಹುಡುಗ ಮಧುಕುಮಾರ್ ಕೂಡ ಬಿಡದಿಯಲ್ಲೇ ಕೆಲಸ ಮಾಡುವವನು. ಹುಡುಗಿ ನೋಡುವ ಶಾಸ್ತ್ರವನ್ನು ರಮ್ಯಾಳ ಸೋದರಮಾವನ ಮನೆಯಲ್ಲಿ, ನರಸಯ್ಯನನ್ನು ಮಿಲ್ಲಿನಲ್ಲೇ ಬಿಟ್ಟು, ಜಾಣತನದಿಂದ ಮುಗಿಸಿದ್ದರು. ಉಳಿದದ್ದು ವೀಳ್ಯಶಾಸ್ತ್ರ. ಅದಕ್ಕೆ ಹೆಣ್ಣಿನ ಅಪ್ಪನನ್ನು ಬಿಟ್ಟು ನಡೆಸುವ ಉಪಾಯ ಯಾರಿಗೂ ಹೊಳೆಯಲಿಲ್ಲ; ಎಲೆ ಅಡಿಕೆಯ ತಟ್ಟೆಯನ್ನು ಅವನೇ ಬದಲಾಯಿಸಿಕೊಳ್ಳಬೇಕು.

ರಮ್ಯಾ ಅಪ್ಪನ ಎದುರು ಬಂದು ನಿಂತಳು. "ಅಪ್ಪಾ, ನಂಗೆ ಈ ಹುಡುಗ ಒಪ್ಪಿಗೆ ಐತೆ. ಇದೂ ಮುರಿದ್ರೆ ಇನ್ಯಾರ ಮುಂದೇನೂ ಕಾಫಿ ತಟ್ಟೆ ಹಿಡ್ಕೊಂಡು ಬರಾಕಿಲ್ಲ. ಮೂಗನ್ನ ಡಾಕ್ಟ್ರಿಗೆ ತೋರ್ಸು."

ಹೆಂಡತಿ ಕಾವೇರಮ್ಮ ಒಳಗಿನಿಂದಲೇ ಸೇರಿಸಿದಳು. "ಮೂಗೊಂದ್ನೇ ಕಳ್ಸಾಕೆ ಆಗಲ್ಲ, ನೀವೂ ಜೊತೇಲಿ ಹೋಗ್ಬನ್ನಿ."

ಚನ್ನಪಟ್ಟಣದ ಮೂಗಿನ ಡಾಕ್ಟರು ಚಿಕ್ಕ ವಯಸ್ಸಿನವರು. ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಅಲರ್ಜಿ" ಎಂದರು. ನರಸಯ್ಯನ ಎದೆ ಸ್ವಲ್ಪ ಉಬ್ಬಿತು. ಹತ್ತು ವರ್ಷದಿಂದ ನೆಗಡಿ ಎಂದುಕೊಂಡದ್ದಕ್ಕೆ ಇಂಥ ಪ್ಯಾಟೆ ಹೆಸರಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಡಾಕ್ಟರು ಅಚ್ಚು ಹಾಕಿದ ಕಾಗದವೊಂದನ್ನು ತೆಗೆದು ಪ್ರಶ್ನೆ ಕೇಳತೊಡಗಿದರು.

"ಈ ತೊಂದರೆಯಿಂದ ದಿನನಿತ್ಯದ ಜೀವನಕ್ಕೆ ಎಷ್ಟು ಅಡ್ಡಿಯಾಗಿದೆ? ಸ್ವಲ್ಪವೋ, ತುಂಬವೋ?"

"ನನ್ನ ಜೀವನಕ್ಕಾ, ನಮ್ಮೂರೋರ ಜೀವನಕ್ಕಾ ಸಾರ್?"

"ನಿಮ್ಮದು. ರಾತ್ರಿ ನಿದ್ದೆ ಬರುತ್ತಾ?"

"ನಂಗೆ ಬತ್ತದೆ. ಹೆಂಡ್ರಿಗೆ ಬರಾಕಿಲ್ಲ."

"ವಾಸನೆ ಗೊತ್ತಾಗುತ್ತಾ?"

"ಹತ್ತು ವರ್ಸ ಆಯ್ತು ಸಾರ್. ಸಾರು ಸೀದಿದ್ರೂ ಗೊತ್ತಾಗಲ್ಲ. ಅದ್ಕೇ ಸಂಸಾರ ನೆಮ್ಮದಿಯಾಗಿ ನಡೀತಾ ಐತೆ."

"ಮದುವೆ, ಸಮಾರಂಭಗಳಿಗೆ ಹೋಗೋದು ಕಮ್ಮಿ ಮಾಡಿದೀರಾ?"

"ನಾನೇನೂ ಕಮ್ಮಿ ಮಾಡ್ಲಿಲ್ಲ ಸಾರ್. ಅವ್ರೇ ಕರೆಯಾದು ಬುಟ್ರು."

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನೊಮ್ಮೆ ನೋಡಿದರು. ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಿಲ್ಲಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ದಿನಾ ಬೆಳಿಗ್ಗೆ ಮೂಗಿಗೆ ಸ್ಪ್ರೇ ಹೊಡೆದುಕೊಳ್ಳಬೇಕು, ರಾತ್ರಿ ಒಂದು ಮಾತ್ರೆ. ಇದು ಹಳದಿ ಮಾತ್ರೆಯ ಹಾಗೆ ಮಲಗಿಸುವುದಿಲ್ಲ, ಆದರೆ ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಬರೆದುಕೊಟ್ಟರು.

ಔಷಧಿ ಅಂಗಡಿಯ ಜಬ್ಬಾರ್ ನರಸಯ್ಯನ ಹಳೆಯ ಸ್ನೇಹಿತ. ಚೀಟಿ ನೋಡಿ, "ನರಸಣ್ಣ, ಬರೆದಷ್ಟೇ ತಗೋ. ಜಾಸ್ತಿ ಬುದ್ಧಿ ಓಡಿಸ್ಬೇಡ" ಎಂದ. ಇಪ್ಪತ್ತು ದಿನ ನರಸಯ್ಯ ಬರೆದಷ್ಟೇ ತೆಗೆದುಕೊಂಡ. ಸೀನು ನೂರರಿಂದ ಮೂವತ್ತಕ್ಕಿಳಿಯಿತು, ಮೂವತ್ತರಿಂದ ಎಂಟಕ್ಕಿಳಿಯಿತು. ಊರಿನ ಜನ ಅನುಮಾನದಿಂದಲೇ ಟಾರು ರಸ್ತೆಗೆ ಮರಳಿದರು.

ಆದರೆ ವೀಳ್ಯಶಾಸ್ತ್ರದ ಬುಧವಾರ ಬೆಳಿಗ್ಗೆ ಎಲ್ಲರೂ ಬುದ್ಧಿ ಓಡಿಸಿದರು. ನರಸಯ್ಯ ಸ್ಪ್ರೇಯನ್ನು ಒಂದು ಸಲದ ಬದಲು ನಾಲ್ಕು ಸಲ ಹೊಡೆದುಕೊಂಡ. ಅವನ ತಾಯಿ ಮಾರಮ್ಮ ಮೆಣಸು, ಶುಂಠಿ, ದೊಡ್ಡಪತ್ರೆ ಅರೆದು ಒಂದು ಲೋಟ ಕಷಾಯ ಕುಡಿಸಿದರು. ಅವರು ಕೊಟ್ಟದ್ದು ಗೊತ್ತಿಲ್ಲದ ಕಾವೇರಮ್ಮ ಇನ್ನೊಂದು ಲೋಟ ಕುಡಿಸಿದಳು. ರಾತ್ರಿಯ ಮಾತ್ರೆ ಮರೆತಿರಬಹುದೆಂದು ರಮ್ಯಾ ಮತ್ತೊಂದು ಮಾತ್ರೆ ತಂದು, ನುಂಗುವವರೆಗೂ ಎದುರಿಗೆ ನಿಂತಿದ್ದಳು. ಒಂಬತ್ತು ಗಂಟೆಯ ಹೊತ್ತಿಗೆ ನರಸಯ್ಯನ ಮೂಗು ಬೇಸಗೆಯ ಕೆರೆಯಂಗಳದ ಹಾಗೆ ಒಣಗಿ ಬಿರಿದಿತ್ತು.

ಹತ್ತೂವರೆಗೆ ಕನಕಪುರದವರು ಬಂದರು. ಮುಂದೆ ಹುಡುಗನ ತಾತ ಚಲುವಯ್ಯನವರು: ಬಿಳಿ ಪೇಟ, ಬಿಳಿ ಮೀಸೆ. ನಲವತ್ತು ವರ್ಷ ದನದ ವ್ಯಾಪಾರ ಮಾಡಿ, ಹಲ್ಲಿಯ ಲೊಚಗುಟ್ಟುವಿಕೆಯಿಂದ ಹಿಡಿದು ಬೆಕ್ಕಿನ ಓಡಾಟದವರೆಗೆ ಸಕಲ ಶಕುನಗಳನ್ನೂ ಅರೆದು ಕುಡಿದವರು. ಅವರ ಹಿಂದೆ ಸೊಸೆ ದೊಡ್ಡಲಕ್ಷ್ಮಮ್ಮ, ಹುಡುಗನ ತಾಯಿ. ಅವರ ಹಿಂದೆ ಹುಡುಗ. ಹುಡುಗ ಚಾಪೆಯ ಮೇಲೆ ಕೂತವನು ತಲೆ ಬಗ್ಗಿಸಿದ, ಮತ್ತೆ ಎತ್ತಲಿಲ್ಲ.

"ಏನ್ ವಿನಯ ನೋಡಿ ಅತ್ತೆ, ಕಣ್ಣೇ ಬುಡಾಕಿಲ್ಲ" ಎಂದು ಕಾವೇರಮ್ಮ ಅತ್ತೆಯ ಕಿವಿಯಲ್ಲಿ ಉಸುರಿದಳು.

ಎಲ್ಲ ಸುಸೂತ್ರವಾಗಿ ನಡೆಯಿತು. ಲಗ್ನದ ತಿಂಗಳು ಗೊತ್ತಾಯಿತು, ಛತ್ರ ಗೊತ್ತಾಯಿತು. ಹನ್ನೆರಡಕ್ಕೆ ರಾಹುಕಾಲ, ಅದರೊಳಗೆ ಶಾಸ್ತ್ರ ಮುಗಿಯಬೇಕು ಎಂದು ಚಲುವಯ್ಯನವರು ಎದ್ದು ನಿಂತಾಗ ಹನ್ನೊಂದು ಗಂಟೆ. ನರಸಯ್ಯ ಎಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆ ಎತ್ತಿಕೊಂಡ. ಚಲುವಯ್ಯನವರು ತಮ್ಮ ತಟ್ಟೆ ಎತ್ತಿಕೊಂಡರು. ತಟ್ಟೆಗೊಂದು ಹೂವಿಡಲು ದೊಡ್ಡಲಕ್ಷ್ಮಮ್ಮ ಮುಂದೆ ಬಾಗಿದರು. ಅವರು ಆ ದಿನದ ಮಹತ್ವಕ್ಕೆ ತಕ್ಕ ಹಾಗೆ ಪೌಡರ್ ಹಾಕಿಕೊಂಡಿದ್ದರು. ಅರ್ಧ ಡಬ್ಬಿಯಾದರೂ ಇದ್ದೀತು.

ನರಸಯ್ಯನ ಮೂಗಿನ ತುದಿಯಲ್ಲಿ ಏನೋ ಓಡಾಡಿತು. ಅವನು ಉಸಿರು ಬಿಗಿಹಿಡಿದ. ಹಲ್ಲು ಕಚ್ಚಿದ. ಮನೆದೇವರನ್ನು ನೆನೆದ.

"ಆಕ್ಷೀ."

ಒಂದೇ ಒಂದು. ಗುಂಡು ಹೊಡೆದ ಹಾಗೆ.

ಚಲುವಯ್ಯನವರು ಮುಂದೆ ಚಾಚಿದ್ದ ತಟ್ಟೆಯನ್ನು ನಿಧಾನವಾಗಿ ಎದೆಗೆ ಎಳೆದುಕೊಂಡರು. ಕಡೆಗೆ ಅವರೇ ದೊಡ್ಡ ಮನಸ್ಸು ಮಾಡಿ, "ಆಗ್ಲಿ. ಇನ್ನೊಂದು ಬರ್ಲಿ, ಕಾಯನ" ಎಂದರು.

ಎಲ್ಲರೂ ಕಾದರು. ಐದು ನಿಮಿಷ ಕಾದರು. ಹತ್ತು ವರ್ಷ ದಿನಕ್ಕೆ ನೂರರ ಲೆಕ್ಕದಲ್ಲಿ ಸೀನಿ, ಬೇಡ ಬೇಡವೆಂದರೂ ಊರಿಗೆಲ್ಲ ಹಂಚಿದ ಮಹಾದಾನಿಯ ಮೂಗಿನಲ್ಲಿ ಬೇಕಾದಾಗ ಇನ್ನೊಂದು ಸೀನಿರಲಿಲ್ಲ.

"ಬತ್ತಾ ಐತಾ?" ಕಾವೇರಮ್ಮ ಕೇಳಿದಳು.

"ಇಲ್ಲ ಕಣೆ."

"ಬ್ಯಾಡದಾಗ ಬತ್ತದೆ. ಒಸಿ ಮನಸ್ಸು ಮಾಡಿ."

"ಮನಸ್ಸು ಮಾಡಿದ್ರೆ ಬರಾಕೆ ಅದೇನು ಆಕಳಿಕೆಯಾ?"

ಮಾರಮ್ಮ ತಮ್ಮ ನಶ್ಯದ ಡಬ್ಬಿ ತೆಗೆದು ಮಗನ ಮೂಗಿಗೆ ಒಂದು ಚಿಟಿಕೆ ಏರಿಸಿದರು. ನರಸಯ್ಯ ಅದನ್ನು ಗಾಳಿ ಕುಡಿದ ಹಾಗೆ ಕುಡಿದು ನಿಂತ. ಕಿಟಕಿಯಲ್ಲಿ ಇಣುಕುತ್ತಿದ್ದ ನೆರೆಯವರಿಗೆ ಇನ್ನು ತಡೆಯಲಾಗಲಿಲ್ಲ. ಒಬ್ಬಳು ಕೋಳಿಯ ಪುಕ್ಕ ತಂದಳು. ಒಬ್ಬ ಸೂರ್ಯನನ್ನು ನೋಡಿದರೆ ಸೀನು ಬರುತ್ತದೆಂದು ಅವನನ್ನು ಅಂಗಳಕ್ಕೆಳೆದು ಗಲ್ಲ ಮೇಲೆತ್ತಿ ನಿಲ್ಲಿಸಿದ. ಪುಕ್ಕ ಮೂಗಿನಲ್ಲಿ, ದೃಷ್ಟಿ ಸೂರ್ಯನಲ್ಲಿ, ಕೈಯಲ್ಲಿ ವೀಳ್ಯದ ತಟ್ಟೆ; ನರಸಯ್ಯನ ಕಣ್ಣಲ್ಲಿ ನೀರು ಸುರಿಯಿತೇ ಹೊರತು ಸೀನು ಬರಲಿಲ್ಲ. ಮಾರಮ್ಮನ ನಶ್ಯದ ಗಾಳಿ ತಾಗಿದ ಪಕ್ಕದ ಮನೆಯಾಕೆ ಮಾತ್ರ ಅಚ್ಚುಕಟ್ಟಾಗಿ ಒಂದು ಸೀನಿದಳು.

"ಬಂತು, ಜೋಡಿ ಆಯ್ತು" ಎಂದು ಕಾವೇರಮ್ಮ ಸಂಭ್ರಮಪಟ್ಟಳು.

ಚಲುವಯ್ಯನವರು ತಲೆಯಾಡಿಸಿದರು. "ಅದೆಂಗಮ್ಮ ಆಯ್ತದೆ? ಒಬ್ರು ಸೀನಿದ್ಕೆ ಇನ್ನೊಬ್ರು ಜೋಡಿ ಮಾಡಾಕೆ ಇದೇನ್ ಎತ್ತಾ? ಅದೇ ಮೂಗಿಂದ ಬರ್ಬೇಕು. ಶಾಸ್ತ್ರ ಅಂದ್ರೆ ಶಾಸ್ತ್ರ."

ಹನ್ನೊಂದೂಕಾಲು. ನರಸಯ್ಯ ಮಗಳ ಮುಖ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ರಮ್ಯಾ ಅಳುತ್ತಿರಲಿಲ್ಲ; ತುಟಿ ಕಚ್ಚಿಕೊಂಡಿದ್ದಳು. ಅದನ್ನು ನೋಡಲಾರದೆ ನರಸಯ್ಯ ಜೀವನದಲ್ಲಿ ಮೊದಲ ಬಾರಿಗೆ ಮೋಸಕ್ಕಿಳಿದ. ಮುಖ ಸಿಂಡರಿಸಿ, ಭುಜ ಕುಣಿಸಿ, "ಹಾಕ್... ಛೀ" ಎಂದ.

ಚಲುವಯ್ಯನವರು ಅವನ ಹತ್ತಿರ ಬಂದು, ಹಸುವಿನ ಹಲ್ಲು ನೋಡುವವರ ಹಾಗೆ ಮುಖವನ್ನೇ ದಿಟ್ಟಿಸಿದರು. "ಬೀಗ್ರೇ, ಕಳ್ಳ ಕೆಮ್ಮು, ಕಳ್ಳ ಕುಂಟು, ಕಳ್ಳ ಕೆಚ್ಚಲು ಎಲ್ಲಾನೂ ಸಂತೇಲಿ ಕಂಡಿವ್ನಿ. ಇದು ಕಳ್ಳ ಸೀನು. ಕಣ್ಣು ಮುಚ್ಚಲೇ ಇಲ್ಲ ನೀವು."

ವೀಳ್ಯಕ್ಕೆ ಬಂದಿದ್ದ ಜಬ್ಬಾರ್ ಆಗ ಹತ್ತಿರ ಬಂದ. "ನರಸಣ್ಣ, ನಿಜ ಹೇಳು. ಇವತ್ತು ಏನೇನು ತಗೊಂಡೆ?"

ನರಸಯ್ಯ ಹೇಳಿದ. ಕಾವೇರಮ್ಮ ತನ್ನದನ್ನು ಸೇರಿಸಿದಳು, ಮಾರಮ್ಮ ತಮ್ಮದನ್ನು, ರಮ್ಯಾ ತನ್ನದನ್ನು. ಜಬ್ಬಾರ್ ಹಣೆ ಹಿಡಿದುಕೊಂಡ. "ಇವತ್ತಿಡೀ ಈ ಮೂಗು ಸೀನೋದಿಲ್ಲ. ಇಷ್ಟೆಲ್ಲ ಒಟ್ಟಿಗೆ ತಗೊಂಡು ನಿಂತಿರೋದೇ ನಿನ್ನ ಪುಣ್ಯ. ನಾಳೆ ಡಾಕ್ಟರ ಹತ್ರ ಹೋಗೋಣ."

"ನಾಳೆಗಂಟ ಮಗ್ಳ ಮದ್ವೆ ಕಾಯ್ತದಾ ಜಬ್ಬಾರು?"

ಉಳಿದದ್ದು ಒಂದೇ ದಾರಿ. ನರಸಯ್ಯನನ್ನು ಮಿಲ್ಲಿಗೆ ಕರೆದುಕೊಂಡು ಹೋಗುವುದು. ಮನೆಗೂ ಮಿಲ್ಲಿಗೂ ನಡುವೆ ಒಂದೇ ಗೋಡೆ. ಮುಂದೆ ತಟ್ಟೆ ಹಿಡಿದ ನರಸಯ್ಯ, ಹಿಂದೆ ಎದುರು ತಟ್ಟೆ ಹಿಡಿದ ಚಲುವಯ್ಯನವರು, ಆಮೇಲೆ ಎರಡೂ ಕಡೆಯ ನೆಂಟರು, ಆಮೇಲೆ ಊರು. ಇಷ್ಟು ಜನ ಆ ಮಿಲ್ಲಿಗೆ ಸ್ವಂತ ಇಷ್ಟದಿಂದ ಬಂದದ್ದು ಹತ್ತು ವರ್ಷದಲ್ಲಿ ಇದೇ ಮೊದಲು.

ಮೋಟರು ಹಾಕಬೇಕೆಂದರೆ ಕರೆಂಟಿಲ್ಲ. ತ್ರೀಫೇಸು ಬರುವುದು ಹನ್ನೊಂದೂವರೆಗೆ. ಅಷ್ಟೂ ಜನ ರಾಗಿ ಚೀಲಗಳ ನಡುವೆ ನಿಂತು, ಗೋಡೆಯ ಮೇಲಿನ ಬಲ್ಬಿನ ಕಡೆ ದೇವರ ಕಡೆ ನೋಡುವ ಹಾಗೆ ನೋಡುತ್ತಿದ್ದರು. ಬಲ್ಬು ಹತ್ತಿತು. ನೆರೆಯವನೊಬ್ಬ ಸ್ವಿಚ್ಚು ಒತ್ತಿ, ಮೇಲಿನಿಂದ ಅರ್ಧ ಚೀಲ ರಾಗಿ ಸುರಿದ. ಕಾವೇರಮ್ಮ ಪೊರಕೆ ಹಿಡಿದು, ಮೂಲೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಹಿಟ್ಟನ್ನೆಲ್ಲ ಗಂಡನ ಮುಖಕ್ಕೆ ಎಬ್ಬಿಸಿದಳು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಇಷ್ಟೊಂದು ಶ್ರದ್ಧೆಯಿಂದ ಅವಳು ಕಸ ಗುಡಿಸಿರಲಿಲ್ಲ.

ಧೂಳು ಇಳಿದಾಗ ನರಸಯ್ಯ ಹುಬ್ಬಿನಿಂದ ಪಂಚೆಯವರೆಗೆ ಹಿಟ್ಟಾಗಿ ನಿಂತಿದ್ದ. ಅವನ ಮುಖದಲ್ಲಿ ವಿಚಿತ್ರವಾದೊಂದು ಭಾವ ಮೂಡುತ್ತಿತ್ತು. ಮೂಗು ಅರಳಿತು. ಕಣ್ಣು ಮುಚ್ಚಿತು. ಬಂತು ಬಂತು ಎಂದು ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಕಾವೇರೀ," ಎಂದ ನರಸಯ್ಯ ಮೆಲ್ಲಗೆ, "ರಾಗಿ ಘಮ್ ಅಂತೈತೆ ಕಣೆ."

ಹತ್ತು ವರ್ಷ ಬೀಸಿದ ರಾಗಿಯ ವಾಸನೆ ಅವನಿಗೆ ಈಗ ಸಿಕ್ಕಿತ್ತು. ಬಿಸಿ ಹಿಟ್ಟಿನ ವಾಸನೆ, ಬೆಲ್ಟಿನ ರಬ್ಬರಿನ ವಾಸನೆ, ಬಾಗಿಲಲ್ಲಿ ನಿಂತ ಮಗಳ ಮುಡಿಯ ಮಲ್ಲಿಗೆಯ ವಾಸನೆ. ಅವನು ತಟ್ಟೆ ಹಿಡಿದುಕೊಂಡೇ ಎಳೆದೆಳೆದು ಉಸಿರಾಡಿದ. ಎರಡೂ ಹೊಳ್ಳೆ ಹೆದ್ದಾರಿಯಂತೆ ತೆರೆದಿದ್ದವು. ಮಗಳ ಬದುಕು ಮುಳುಗುತ್ತಿರುವಾಗ ಅಪ್ಪನಿಗೆ ಪರಮಸುಖವಾಗುತ್ತಿತ್ತು. ಆ ಸುಖಕ್ಕೆ ನಾಚಿ ಅವನಿಗೆ ಅಳು ಬಂತು.

ಚಲುವಯ್ಯನವರು ಗಡಿಯಾರ ನೋಡಿಕೊಂಡರು. "ಹನ್ನೆರಡಕ್ಕೆ ಕಾಲು ಗಂಟೆ. ನಾವು ಒಂಟ್ವಿ ಬೀಗ್ರೇ. ನಿಮ್ಮ ಮ್ಯಾಲೆ ಕ್ವಾಪ ಇಲ್ಲ. ಕೂಡಿ ಬರ್ಲಿಲ್ಲ ಅಷ್ಟೆಯ."

ಅವರು ತಟ್ಟೆಯನ್ನು ಸೊಸೆಯ ಕೈಗೆ ಕೊಡಲು ತಿರುಗಿದರು. ಸೊಸೆ ತೆಗೆದುಕೊಳ್ಳಲಿಲ್ಲ. ದೊಡ್ಡಲಕ್ಷ್ಮಮ್ಮನ ಎರಡೂ ಕೈ ಬೇರೆ ಕೆಲಸದಲ್ಲಿದ್ದವು. ಸೆರಗನ್ನು ನಾಲ್ಕು ಮಡಿಕೆ ಮಾಡಿ ಮಗನ ಮುಖದ ಮೇಲೆ ಒತ್ತಿ ಹಿಡಿದಿದ್ದರು. ಸೆರಗಿನ ಮೇಲೆ ಮಧುಕುಮಾರನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಕೆಂಪಗೆ, ನೀರು ತುಂಬಿಕೊಂಡು, ನರಸಯ್ಯನನ್ನೇ ನೋಡುತ್ತಿದ್ದವು. ನರಸಯ್ಯನಿಗೆ ಆ ಕಣ್ಣು ಗೊತ್ತಿತ್ತು. ಹತ್ತು ವರ್ಷ ಕನ್ನಡಿಯಲ್ಲಿ ಕಂಡ ಕಣ್ಣು.

"ಅಮ್ಮಾ, ಬುಡವ್ವ," ಎಂದ ನರಸಯ್ಯ. "ತಡೆದ್ರೆ ಕಿವಿಗೆ ಒಡೀತದೆ."

ಸೆರಗು ಸರಿಯಿತು. ಮಧುಕುಮಾರ್ ಸೀನಿದ. ಒಂದಲ್ಲ, ಎರಡಲ್ಲ, ಮಿಲ್ಲಿನ ತಗಡು ನಡುಗುವ ಹಾಗೆ, ಬಾಗಿಲಲ್ಲಿದ್ದ ಕೋಳಿಗಳು ರಸ್ತೆ ದಾಟುವ ಹಾಗೆ ಸೀನಿದ. ಮಾತ್ರೆ ಎಣಿಸಿ ಅಭ್ಯಾಸವಿದ್ದ ಜಬ್ಬಾರ್ ತನಗರಿವಿಲ್ಲದೆ ಗಟ್ಟಿಯಾಗಿ ಎಣಿಸುತ್ತ ಹೋದ. ಹದಿಮೂರಕ್ಕೆ ನಿಂತಿತು.

"ಇದೇನ್ ದೊಡ್ಡಲಕ್ಷ್ಮಿ?" ಎಂದರು ಚಲುವಯ್ಯನವರು. ಮೊಮ್ಮಗ ಅವರ ಮನೆಯಲ್ಲಿ ಬೆಳೆದವನಲ್ಲ. ಹಾಸ್ಟೆಲಿನಲ್ಲಿ ಓದಿ, ರಾಮನಗರದಲ್ಲಿ ರೂಮು ಮಾಡಿಕೊಂಡಿದ್ದವನು.

ದೊಡ್ಡಲಕ್ಷ್ಮಮ್ಮ ತಲೆ ತಗ್ಗಿಸಿದರು. "ಅವುನ್ಗೂ ಅದೇ ಮಾವ. ಧೂಳಿಂದು. ನೀವು ಶಕುನ ಅಂತೀರಿ ಅಂತ ಯೋಳ್ಲಿಲ್ಲ. ಬೆಳಗ್ಗೆ ಐದ್ಗಂಟ್ಗೇ ಮಾತ್ರೆ ಕೊಟ್ಟು ಕರ್ಕೊಂಡ್ ಬಂದೆ. ಇಷ್ಟು ವತ್ತು ತಡೆದಿದ್ದೇ ಎಚ್ಚು."

"ಅಂಗಾರೆ ಅಷ್ಟೊತ್ತಿಂದ ತಲೆ ಬಗ್ಸಿ ಕೂತಿದ್ದು?" ಕಾವೇರಮ್ಮ ಕೇಳಿದಳು.

"ನಿದ್ದೆ ಕಣವ್ವ."

ಕಾವೇರಮ್ಮ ಪೊರಕೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. ಈಗ ಅವಳ ಸರದಿ. "ಚಂದಾಯ್ತು. ಅಲರ್ಜಿ ಇರೋ ಗಂಡ್ನ ಮುಚ್ಚಿಟ್ಕಂಡು, ನಮ್ಮನೆಯವರ ಒಂದು ಸೀನಿಗೆ ಮುಕ್ಕಾಲು ಗಂಟೆ ಬಿಸ್ಲು ಧೂಳಲ್ಲಿ ನಿಲ್ಸಿದ್ರಲ್ಲ."

"ಅವ್ವಾ, ನೀನು ಸುಮ್ಕಿರು," ಎಂದು ರಮ್ಯಾ ಬಾಗಿಲಿನಿಂದ ಮುಂದೆ ಬಂದಳು. "ನಂಗೆ ಗೊತ್ತಿತ್ತು. ರಾಮನಗರದಿಂದ ಬಿಡದಿವರ್ಗೂ ಒಂದೇ ಬಸ್ಸಲ್ಲಿ ಹೋಗ್ತೀವಿ. ಕಿಟಕಿ ಪಕ್ಕದ ಸೀಟಲ್ಲಿ ಕೂತ್ಕಂಡು ದಿನಾ ಸೀನ್ತಾರೆ. ಪ್ರತಿ ಸೀನಿಗೂ ಪಕ್ಕದೋರ್ಗೆ ಒಂದೊಂದ್ಸಲ ಸಾರಿ ಕೇಳ್ತಾರೆ. ಅಪ್ಪನಂಗೇ ಅನ್ನಿಸ್ತು."

ಮಧುಕುಮಾರ್ ಮೂಗೊರೆಸಿಕೊಂಡು, ಅಂದು ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದ.

ಚಲುವಯ್ಯನವರ ಮೀಸೆ ಒಂದೆರಡು ಸಲ ಅಲುಗಿತು. ಮೊಮ್ಮಗನ ಸೀನು ಅಪಶಕುನವೆಂದರೆ ಇನ್ನು ಯಾವ ಮನೆಗೂ ಅವನನ್ನು ಕರೆದೊಯ್ಯುವ ಹಾಗಿಲ್ಲ. ಅವರು ಬೆರಳು ಮಡಿಸಿ ಏನೋ ಎಣಿಸಿದರು. "ಜಬ್ಬಾರ್ ಸಾಬ್ರೇ, ಅದಿಮೂರು ಅಂದ್ರಲ್ವಾ?"

"ಹದಿಮೂರೇ."

"ಬೀಗ್ರುದ್ದು ಒಂದು. ಅದಿನಾಕು. ಏಳು ಜೋಡಿ." ಅವರು ಗಂಟಲು ಸರಿ ಮಾಡಿಕೊಂಡರು. "ಸಂಬಂಧ ಅಂದ್ಮ್ಯಾಲೆ ಎಲ್ಡ್ ಮನೆ ಮೂಗೂ ಒಂದೇಯ. ಶಾಸ್ತ್ರ ಅಂದ್ರೆ ಶಾಸ್ತ್ರ."

ಹನ್ನೆರಡಕ್ಕೆ ಆರು ನಿಮಿಷ. ತಟ್ಟೆಗಳು ಮತ್ತೆ ಎದುರಾದವು. ಅಷ್ಟರಲ್ಲಿ ಮಧುಕುಮಾರನ ಮೂಗು ಮತ್ತೆ ಅಲುಗಿತು. ಚಲುವಯ್ಯನವರ ಮುಖ ಬಿಳುಚಿತು. "ಅದಿನೈದು ಆಗ್ಬಾರ್ದು. ಎಲ್ರೂ ಮೂಗು ಇಡ್ಕಳಿ. ಒಬ್ರೂ ಬುಡ್ಬೇಡಿ, ತಟ್ಟೆ ಬದ್ಲಾಗಗಂಟ."

ವೀಳ್ಯಕ್ಕೆಂದು ಕರೆಸಿದ್ದ ಚನ್ನಪಟ್ಟಣದ ಫೋಟೋದವನು ಆ ಕ್ಷಣದಲ್ಲೇ ಬೆಳಕು ಹೊಡೆದ. ಆ ಫೋಟೋ ಈಗ ಮದುವೆಯ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ಹಿಂದೆ ರಾಗಿ ಮಿಲ್ಲು, ಮುಂದೆ ಮೂವತ್ತೆರಡು ಜನ. ಒಬ್ಬೊಬ್ಬರೂ ಏನೋ ಕೊಳೆತು ನಾರುತ್ತಿರುವ ಹಾಗೆ ಮೂಗು ಹಿಡಿದು ನಿಂತಿದ್ದಾರೆ. ಹುಡುಗ ಹಿಡಿದುಕೊಂಡಿದ್ದಾನೆ, ಹುಡುಗಿ ನಗುತ್ತ ಹಿಡಿದುಕೊಂಡಿದ್ದಾಳೆ. ಚಲುವಯ್ಯನವರ ಎರಡೂ ಕೈ ತಟ್ಟೆಯ ಮೇಲಿರುವುದರಿಂದ ಅವರ ಮೂಗನ್ನು ಸೊಸೆ ದೊಡ್ಡಲಕ್ಷ್ಮಮ್ಮ ಹಿಡಿದಿದ್ದಾರೆ, ಬೇಕಾದ್ದಕ್ಕಿಂತ ಸ್ವಲ್ಪ ಬಿಗಿಯಾಗಿಯೇ. ಮೂಗು ಹಿಡಿಯದವನು ಇಡೀ ಚಿತ್ರದಲ್ಲಿ ಒಬ್ಬನೇ. ಮೈಯೆಲ್ಲ ಹಿಟ್ಟು, ಎರಡೂ ಕೈಯಲ್ಲಿ ವೀಳ್ಯದ ತಟ್ಟೆ, ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದಾನೆ. ನೋಡಿದವರೆಲ್ಲ ಇವನಿಗೊಬ್ಬನಿಗೆ ಮೂಗೇ ಇಲ್ಲವೇನೋ ಎಂದು ಕೇಳುತ್ತಾರೆ.